ಸಾವ್ಕಾರನ ಸಕ್ಕರೆ ಕಾಯಿಲೆ

ಬೇರೆಯವರ ಮನೆಗೆ ಕಾಯಿಲೆ ಬಂದರೆ ಡಾಕ್ಟರು ಬರುತ್ತಾರೆ. ನಮ್ಮ ಮನೆಗೆ ಬಂದರೆ ಓಣಿಯೇ ಬರುತ್ತದೆ. ಹಿಂದೊಮ್ಮೆ ನಮ್ಮೆಜಮಾನರ ಕಾಲು ಉಳುಕಿದಾಗ ಬಂದವರಿಗೆ ಚಹಾ ಕಾಯಿಸಿ ಕಾಯಿಸಿ ನನ್ನ ಕೈ ಉಳುಕಿತ್ತು. ಹೀಗಿರುವಾಗ ಹೋದ ವರ್ಷ ನಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂತು. "ಬೆಕ್ಕಿಗಾ?" ಎಂದು ನೀವೀಗ ಕೇಳುತ್ತೀರಿ. ಕೇಳಿ, ಪರವಾಗಿಲ್ಲ. ದಾವಣಗೆರೆಯಲ್ಲಿ ನನ್ನನ್ನು ಹಾಗೆ ಕೇಳದೆ ಉಳಿದವರು ಯಾರೂ ಇಲ್ಲ.

ಮೊದಲು ಮನೆಯ ವಿಚಾರ ಹೇಳಿಬಿಡುತ್ತೇನೆ. ನಾವು ದೇವರಾಜ ಅರಸು ಬಡಾವಣೆಯಲ್ಲಿ ಇರುವವರು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಹಾಗಾಗಿ ಮನೆಯಲ್ಲಿ ಮೂರೇ ಜನ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮೆಜಮಾನರು ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಾರೆ. ಮೂರನೆಯವರು ನಮ್ಮ ಅತ್ತೆ. ಇಡೀ ಮನೆ ಅವರದು, ನಾವಿಬ್ಬರೂ ಅಲ್ಲಿ ಇರುತ್ತೇವೆ.

ಬೆಕ್ಕಿಗೆ ಸಾವ್ಕಾರ ಅಂತ ಹೆಸರಿಟ್ಟವರೂ ಅತ್ತೆಯೇ. ಮಾವನವರು ತೀರಿಕೊಂಡ ತಿಂಗಳು ಎಲ್ಲಿಂದಲೋ ಬಂದ ಮರಿ ನೇರವಾಗಿ ಹೋಗಿ ಮಾವನವರ ಆರಾಮ ಕುರ್ಚಿಯ ಮೇಲೆ ಕೂತಿತು, ಮಂಡಿಪೇಟೆಯ ಗಾದಿಯ ಮೇಲೆ ಯಜಮಾನರು ಕೂತ ಹಾಗೆ. ಅದುವರೆಗೆ ಆ ಕುರ್ಚಿಯ ಮೇಲೆ ಕೂರುವ ಧೈರ್ಯ ನಮಗ್ಯಾರಿಗೂ ಆಗಿರಲಿಲ್ಲ. ಅಂದಿನಿಂದ ಅತ್ತೆ ದಿನಾ ಮಧ್ಯಾಹ್ನ ಆ ಕುರ್ಚಿಯ ಎದುರು ಕೂತು, ಮಾವನವರಿಗೆ ಹೇಳುತ್ತಿದ್ದ ದೂರುಗಳನ್ನೆಲ್ಲ ಬೆಕ್ಕಿಗೆ ಹೇಳುತ್ತಾರೆ. ಅದು ಕಣ್ಣು ಮುಚ್ಚಿಕೊಂಡು ಕೇಳುತ್ತದೆ. ಮಾವನವರೂ ಹಾಗೇ ಕೇಳುತ್ತಿದ್ದರು.

ಒಂಬತ್ತು ವರ್ಷ ಆ ಬೆಕ್ಕು ತಿಂದಿದ್ದು ಹಾಲು ಅನ್ನ, ಬೆಣ್ಣೆ, ಪೇಢ, ಮತ್ತು ದಿನಾ ಸಂಜೆ ಹಾಲು ಸಕ್ಕರೆಯಲ್ಲಿ ನೆನೆಸಿದ ಮಂಡಕ್ಕಿ. "ನಮ್ಮ ಸಾವ್ಕಾರ ಒಂದು ಇಲಿ ಮುಟ್ಟಿದೋನಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಮನೆಯಲ್ಲಿ ಇಲಿಗಳು ಸುಖವಾಗಿದ್ದವು.

ಇರುವೆಗಳು ಕಂಡುಹಿಡಿದದ್ದು

ಆಷಾಢದ ಹೊತ್ತಿಗೆ ಸಾವ್ಕಾರ ಸೊರಗತೊಡಗಿದ. ತಿನ್ನುವುದು ಎರಡರಷ್ಟು, ಕುಡಿಯುವುದು ನಾಲ್ಕರಷ್ಟು, ಮೈಯಲ್ಲಿ ಮಾತ್ರ ಮೂಳೆ ಚಕ್ಕಳ. ಅತ್ತೆ ದೃಷ್ಟಿ ತೆಗೆದರು. ಒಂದು ಬೆಳಿಗ್ಗೆ ನೋಡಿದರೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅದು ಉಚ್ಚೆ ಹೊಯ್ದ ಜಾಗದಲ್ಲಿ, ಕೆಂಪಿರುವೆಗಳು ಮದುವೆ ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂತಿವೆ!

ನನ್ನೊಳಗಿನ ಲೆಕ್ಚರರ್ ಎಚ್ಚರಾದಳು. ಕಾಲೇಜಿನ ಲ್ಯಾಬಿನಿಂದ ಬೆನೆಡಿಕ್ಟ್ ದ್ರಾವಣ ತಂದೆ. ನೀಲಿ ಬಣ್ಣದ ಆ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಆಮೇಲೆ ಕಿತ್ತಳೆ, ಮಿತಿಮೀರಿದ್ದರೆ ಇಟ್ಟಿಗೆ ಕೆಂಪು. ಹದಿನೈದು ವರ್ಷ ಪಾಠ ಮಾಡಿದ್ದೇನೆ, ಅಂಥ ಚಂದದ ಇಟ್ಟಿಗೆ ಕೆಂಪನ್ನು ನನ್ನ ವಿದ್ಯಾರ್ಥಿನಿಯರಿಗೆ ಒಂದು ದಿನವೂ ತೋರಿಸಲು ಆಗಿರಲಿಲ್ಲ.

ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಎರಡು ಎಮ್ಮೆ, ಒಂದು ಎತ್ತು. ನಮ್ಮ ಸರದಿ ಬಂದಾಗ ರಿಜಿಸ್ಟರ್ ಬರೆಯುವವರು ತಲೆ ಎತ್ತದೆ ಕೇಳಿದರು:

"ಹಸುನೋ ಎಮ್ಮೆನೋ?"

"ಬೆಕ್ಕು."

"ಎಷ್ಟನೇ ಸೂಲು?"

"ಗಂಡು ಬೆಕ್ಕುರೀ."

"ಗಂಡು." ಬರೆದುಕೊಂಡರು. "ಉಳುಮೆಗೆ ಹೂಡ್ತೀರೋ, ಗಾಡಿಗೆ ಹೂಡ್ತೀರೋ?"

"ಏನಕ್ಕೂ ಹೂಡಲ್ಲ. ಕುರ್ಚಿ ಮೇಲೆ ಕೂತಿರುತ್ತೆ."

ಅವರು ಆಗ ತಲೆ ಎತ್ತಿದರು. ಬುಟ್ಟಿ ನೋಡಿದರು, ನನ್ನನ್ನು ನೋಡಿದರು. ರಿಜಿಸ್ಟರಿನ ಆ ಖಾನೆಯಲ್ಲಿ ಗುಂಡಗೆ ಬರೆದರು: "ಕೆಲಸವಿಲ್ಲ." ಆಮೇಲೆ ತಾವಾಗಿಯೇ, "ಕೆಲಸ ಇಲ್ದೋರಿಗೇ ಈ ಸಕ್ಕರೆ ಕಾಯಿಲೆ ಬರೋದು ಬಿಡ್ರಿ," ಎಂದರು. ನಾನಿನ್ನೂ ಕಾಯಿಲೆಯ ಹೆಸರನ್ನೇ ಹೇಳಿರಲಿಲ್ಲ. ಬುಟ್ಟಿಯ ಮೇಲೂ ಇರುವೆ ಹರಿಯುತ್ತಿತ್ತು.

ಬಸ್ಸಿನೊಳಗೆ ಅಡ್ಡ

ಅಲ್ಲಿನ ಡಾಕ್ಟರು ಒಳ್ಳೆಯವರು. "ಬೆಕ್ಕಿನ ವಿಚಾರ ನನಗೆ ಅಷ್ಟು ತಿಳೀದಮ್ಮ. ಹರಿಹರದಲ್ಲಿ ಮಿಲಿಟರಿಯಿಂದ ರಿಟೈರಾದ ಪ್ರಾಣಿ ಡಾಕ್ಟರೊಬ್ಬರಿದಾರೆ, ಅವರ ಹತ್ರ ಒಯ್ಯಿ," ಎಂದರು. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ, ಬುಟ್ಟಿಗೆ ಹಳೇ ಸೀರೆ ಬಿಗಿದು ಹರಿಹರದ ಬಸ್ಸು ಹತ್ತಿದೆ.

ಊರು ದಾಟುವುದರೊಳಗೆ ಸಾವ್ಕಾರ ಸೀರೆಯಿಂದ ಹೊರಗೆ ಬಂದಿದ್ದ. ಡ್ರೈವರ್ ಪಕ್ಕದಲ್ಲಿ ಇಂಜಿನ್ನಿನ ಮೇಲೆ ಮುಚ್ಚಿದ ಬೆಚ್ಚನೆಯ ಡಬ್ಬ ಇರುತ್ತದಲ್ಲ, ಅದರ ಮೇಲೆ ಎಡಗಡೆಯಿಂದ ಹತ್ತಿ, ಗಾಜಿನ ಅಂಚಿನ ಮೇಲೆ ಡ್ರೈವರನ ಕಣ್ಣೆದುರೇ ಬಲಗಡೆಗೆ ನಡೆದುಹೋದ. ಡ್ರೈವರು ಗಕ್ಕನೆ ಬ್ರೇಕ್ ಹಾಕಿದ.

"ಬೆಕ್ಕು ಅಡ್ಡ ಬಂತು," ಎಂದು ಸ್ಟೇರಿಂಗ್ ಬಿಟ್ಟು ಕೈಕಟ್ಟಿ ಕೂತ.

ಕಂಡಕ್ಟರು ಮುಂದೆ ಬಂದ. "ಅಡ್ಡ ಬಂದಿದ್ದು ರಸ್ತೆಗಲ್ಲಣ್ಣ, ಬಸ್ಸೊಳಗೆ."

"ಎಲ್ಲಿ ಬಂದ್ರೇನಲೇ, ನನ್ನ ಮುಂದೆ ಬಂತೋ ಇಲ್ಲೋ?"

ಇಡೀ ಬಸ್ಸಿಗೆ ಕೆಲಸ ಸಿಕ್ಕಿತು. ರುಮಾಲು ಸುತ್ತಿದ ಹಿರಿಯರೊಬ್ಬರು, "ಬೆಕ್ಕು ಬಸ್ಸಿನ ಜೊತಿಗೇ ಹೊಂಟೈತೆ. ಜೊತಿಗೆ ಬರೋದು ಅಡ್ಡ ಹೆಂಗಾತು?" ಎಂದರು. ಹಿಂದಿನ ಸೀಟಿನಿಂದ ಯಾರೋ, "ಅಡ್ಡ ಬಂದಿದ್ದು ಡ್ರೈವರಿಗೆ, ನಮಗಲ್ಲ. ಅವನೊಬ್ಬ ಇಳಿದು ನೀರು ಕುಡ್ಕೊಂಡು ಬರ್ಲಿ," ಎಂದರು. "ಡ್ರೈವರಿಗೆ ಕೆಟ್ಟದ್ದಾದ್ರೆ ನಾವೆಲ್ಲಿ ಹೋಗ್ತೀವಪ್ಪ?" ಎಂದು ಇನ್ನೊಬ್ಬರು. ಮಗು ಎತ್ತಿಕೊಂಡಿದ್ದ ಹೆಂಗಸು ನನ್ನ ಭುಜ ತಟ್ಟಿ, "ಅಕ್ಕಾರೆ, ಅದನ್ನ ಹಿಂದಕ್ಕೆ ಕರೀರಿ. ಬಲದಿಂದ ಎಡಕ್ಕೆ ಇನ್ನೊಂದು ಸಲ ಹೋದ್ರೆ ಮೊದಲಿಂದು ವಜಾ ಆಕ್ಕೈತೆ," ಎಂದಳು.

ಬಸ್ಸಿನವರೆಲ್ಲ ಈ ತೀರ್ಪನ್ನು ಒಪ್ಪಿದರು. ಸಾವ್ಕಾರ ಒಪ್ಪಲಿಲ್ಲ. ಡ್ರೈವರನ ಬಲಗಡೆ, ಗಾಜಿನ ಅಂಚಿನ ಬಿಸಿಲಿಗೆ ಮೈಚಾಚಿ ಮಲಗಿಬಿಟ್ಟ. ನಾನು ಎತ್ತಲು ಹೋದೆ, ಡ್ರೈವರು ತಡೆದ. "ನೀವು ಎತ್ತಿ ದಾಟಿಸಿದ್ರೆ ಲೆಕ್ಕಕ್ಕಿಲ್ರಿ. ಅದಾಗೇ ನಡೀಬೇಕು."

ಹತ್ತು ನಿಮಿಷ ಕಾದೆವು. ನಲವತ್ತು ಜನ ಒಂದು ಬೆಕ್ಕಿಗೆ "ಬಾ, ಬಾ" ಎಂದು ಬೇಡಿಕೊಂಡರು. ಕೊನೆಗೆ ಡ್ರೈವರೇ ಕೇಳಿದ: "ಇದನ್ನ ಎಲ್ಲಿಗೆ ಒಯ್ತಿದೀರಿ?"

"ಡಾಕ್ಟರ ಹತ್ರ. ಸಕ್ಕರೆ ಕಾಯಿಲೆ."

ಡ್ರೈವರು ಸಾವ್ಕಾರನ ಮೂಳೆಗಳನ್ನು ನೋಡಿದ. ನಿಟ್ಟುಸಿರು ಬಿಟ್ಟು ಗೇರ್ ಹಾಕಿದ. "ಪಾಪ, ಅದರ ಹಣೆಬರಾನೇ ಇಷ್ಟು ಕೆಟ್ಟೈತೆ. ನಮ್ಮದನ್ನ ಕೆಡಿಸಾಕ ಅದರ ಹತ್ರ ಏನೈತೆ? ಕೂಡ್ರಿ, ಹೋಗಾನ."

ಸಸ್ಯಾಹಾರಿ

ಹರಿಹರದ ಡಾಕ್ಟರು ಮಾತಾಡುವುದೇ ಪರೇಡಿನ ಹಾಗೆ. ಬೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, ತಿನ್ನಲು ಏನು ಕೊಡುತ್ತೀರಿ ಎಂದರು. ಹೇಳಿದೆ. ಅವರು ಕನ್ನಡಕ ತೆಗೆದರು.

"ಹಾಲು ಅನ್ನ ಬಂದ್. ಮಂಡಕ್ಕಿ ಬಂದ್. ಪೇಢ ಕೊಟ್ಟವರನ್ನ ಅರೆಸ್ಟ್. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಇನ್ಸುಲಿನ್ ಚುಚ್ಚಬೇಕು. ತಿನ್ನೋಕೆ ಮಾಂಸ."

"ಸರ್, ನಮ್ಮ ಮನೇಲಿ ಮಾಂಸ..."

"ನಿಮಗಲ್ಲ, ಬೆಕ್ಕಿಗೆ. ಹೀಗೇ ಬಿಟ್ಟರೆ ಅದು ದೀಪಾವಳಿ ನೋಡಲ್ಲ."

ದಾರಿಯುದ್ದಕ್ಕೂ ಎರಡು ಚಿತ್ರ ಕಣ್ಣ ಮುಂದೆ ಬಂದವು. ಒಂದು, ಆ ಕುರ್ಚಿ ಇನ್ನೊಮ್ಮೆ ಖಾಲಿಯಾಗಿ ಅದರೆದುರು ಅತ್ತೆ ಒಬ್ಬರೇ ಕೂತಿರುವುದು. ಇನ್ನೊಂದು, ಅತ್ತೆಗೆ "ಮಾಂಸ" ಎಂಬ ಮಾತನ್ನು ನಾನು ಹೇಳುವುದು. ಮೊಟ್ಟೆ ಇಟ್ಟ ಅಂಗಡಿಯಲ್ಲಿ ಬ್ರೆಡ್ಡು ಸಹ ಕೊಳ್ಳದ ಹೆಂಗಸು ಅವರು. ಗಂಡನಿಗೆ ಹೇಳೋಣವೆಂದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದರಲ್ಲೂ ತಾಯಿಯ ಎದುರಿಗೆ. ಹಾಗಾಗಿ ಮನೆಯಲ್ಲಿ, "ಡಾಕ್ಟರು ಸೂಜಿ ಹೇಳಿದ್ದಾರೆ, ಸಿಹಿ ಮತ್ತು ಹಾಲು ಅನ್ನ ಬೇಡವಂತೆ, ಬೇಯಿಸಿದ ಕಾಳು ಕೊಡಬೇಕಂತೆ," ಎಂದೆ. ಹಿತ್ತಲ ಗೋಡೆಯ ಆಚೆ ಹೋಗಿ ಆಪಾ ಅವರ ಕೈ ಹಿಡಿದುಕೊಂಡೆ.

ಆಪಾ ನಮ್ಮ ಪಕ್ಕದ ಮನೆಯವರು. ಅವರ ಯಜಮಾನರಿಗೆ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಇಡೀ ಓಣಿಗೆ ಅವರು ಆಪಾ, ಅಂದರೆ ಅಕ್ಕ, ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ನಮ್ಮ ಅತ್ತೆಗೂ. ನನ್ನ ಮಾತು ಕೇಳಿ ಆಪಾ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಷ್ಟೇ ಅಲ್ವೇನ್ರಿ ಟೀಚರಮ್ಮ? ಉಪ್ಪು ಖಾರ ಹಾಕದೆ ಒಂದು ಹಿಡಿ ಖೀಮಾ ಬೇಯಿಸಿ ಇಡ್ತೀನಿ. ನೀವು ಬೆಳಿಗ್ಗೆ ಬೆಕ್ಕು ಎತ್ಕೊಂಡು ಬರ್ರಿ."

"ನಮ್ಮ ಅತ್ತೆಗೆ ಗೊತ್ತಾಗಬಾರದು ಆಪಾ. ಆಣೆ ಮಾಡಿ."

"ಅಲ್ಲಾ ಕಸಮ್."

ಮರುದಿನ ಬೆಳಿಗ್ಗೆ ನನ್ನದೊಂದು ಬಟ್ಟಲು ಒಯ್ದುಕೊಟ್ಟೆ. ಆಪಾ ಬಿಸಿ ಖೀಮಾ ಅದರಲ್ಲಿ ಹಾಕಿ ಸಾವ್ಕಾರನ ಮುಂದಿಟ್ಟರು. ಸಾವ್ಕಾರ ಮೂಸಿದ. ಹಿಂದೆ ಸರಿದ. ಮುಂಗಾಲಿನಿಂದ ನೆಲ ಕೆರೆದು, ಕಾಣದ ಮಣ್ಣನ್ನು ಬಟ್ಟಲಿನ ಮೇಲೆ ಎಳೆದು ಮುಚ್ಚಿದ. ಆಮೇಲೆ ಆಪಾ ಅವರ ಅಡುಗೆಮನೆಯ ಮೂಲೆಗೆ ಹೋಗಿ, ಅಲ್ಲಿದ್ದ ಮಂಡಕ್ಕಿ ಡಬ್ಬದ ಮುಂದೆ ಕೂತು ಕೂಗಿದ.

ಆಪಾ ಕೆನ್ನೆ ಬಡಿದುಕೊಂಡರು. "ತೌಬಾ! ನಿಮ್ಮತ್ತೆ ಇದಕ್ಕೆ ತಾನು ಬೆಕ್ಕು ಅನ್ನೋದನ್ನೇ ಹೇಳಿಕೊಟ್ಟಿಲ್ರಿ."

ಮೂರು ದಿನ ಅದೇ ಕತೆ. ನಾಲ್ಕನೇ ದಿನ ಆಪಾ ಖೀಮಾದ ಮೇಲೆ ಒಂದೇ ಒಂದು ಮಂಡಕ್ಕಿ ಕಾಳು ಇಟ್ಟರು. ಸಾವ್ಕಾರ ಆ ಕಾಳಿಗೆ ಬಾಯಿ ಹಾಕಿದ, ನಾಲಿಗೆಗೆ ಕೆಳಗಿನದು ತಾಗಿತು, ಒಂದು ಕ್ಷಣ ನಿಂತ. ಒಂಬತ್ತು ವರ್ಷ ತನಗೆ ಆದ ಅನ್ಯಾಯ ಅವನಿಗೆ ಆಗ ತಿಳಿದಿರಬೇಕು. ಬಟ್ಟಲು ಖಾಲಿ ಮಾಡಿ ತಿರುಗಿ, ನನ್ನನ್ನು ನೋಡಿ ಗುರ್ ಎಂದ.

ಸೋಮವಾರದ ಸೂಜಿ

ಎಂಟು ಗಂಟೆಗೆ ಸೂಜಿ ಎಂದರೆ ಎಂಟೇ ಗಂಟೆ ಎಂದು ಡಾಕ್ಟರ ಆಜ್ಞೆ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ ಎಂದು ಅತ್ತೆಯ ಆಜ್ಞೆ.

"ಅತ್ತೆ, ಔಷಧಿಗೆ ರಾಹುಕಾಲ ಇಲ್ಲ."

"ಔಷಧಿಗೆ ಇಲ್ಲವ್ವ. ಸೂಜಿ ಕಬ್ಬಿಣದ್ದು."

ಗಾಜಿನ ಸಿರಿಂಜು ಕುದಿಸಿ, ಎರಡು ಗೆರೆ ಔಷಧಿ ಎಳೆದು, ನಾನು ಕಾಯುತ್ತ ನಿಂತಿದ್ದೆ. ಅತ್ತೆ ಬೆಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು. ಕಾಲೇಜಿಗೆ ಹೊತ್ತಾಗುತ್ತಿತ್ತು. ಕೊನೆಗೆ ಹರಿಹರದ ಡಾಕ್ಟರಿಗೇ ಕೇಳಿಸೋಣವೆಂದು ಎದುರು ಮನೆಯ ಫೋನಿನಿಂದ ಟ್ರಂಕ್ ಕಾಲ್ ಹಚ್ಚಿದೆ. ಡಾಕ್ಟರು ಅತ್ತೆಯನ್ನೇ ಫೋನಿಗೆ ಕರೆಯಲು ಹೇಳಿದರು. ಅವರು ಅಬ್ಬರಿಸಿದ್ದು ನಮಗೆಲ್ಲ ಕೇಳಿತು. ಅತ್ತೆ "ಹೂಂ, ಹೂಂ" ಎಂದು ಫೋನಿಟ್ಟರು.

"ಏನಂದ್ರು?"

"ಒಪ್ಪಿಕೊಂಡ್ರು. ಸೋಮವಾರ ಏಳೂ ಇಪ್ಪತ್ತಕ್ಕೆ ಚುಚ್ಚಬೇಕಂತೆ. ಅವರ ತಾಯಿಯೂ ರಾಹುಕಾಲ ನೋಡ್ತಿದ್ರಂತೆ."

ಮರಳು ಪರೀಕ್ಷೆ

ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ತಿಳಿಯಲು ದಿನಾ ಮೂತ್ರ ಪರೀಕ್ಷೆ ಆಗಬೇಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾದು ಕೂತ ನನ್ನನ್ನು ನೋಡಿದ ಮೇಲೆ ಸಾವ್ಕಾರ ಜಾಗ ಬದಲಾಯಿಸಿದ. ನಮ್ಮದು ಹೊಸ ಬಡಾವಣೆ, ಎಲ್ಲಿ ನೋಡಿದರೂ ಮನೆ ಕಟ್ಟುವವರೇ. ಎದುರು ಮನೆಯ ಪಕ್ಕದ ಸೈಟಿನಲ್ಲಿ ಬಿದ್ದಿದ್ದ ಮರಳಿನ ರಾಶಿ ಅವನಿಗೆ ಒಪ್ಪಿಗೆಯಾಯಿತು.

ನಾನು ಉದ್ದ ಕೋಲಿಗೆ ಹಳೇ ಸೌಟು ಕಟ್ಟಿದೆ. ಬೆಳಿಗ್ಗೆ ಆರೂವರೆಗೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಟೆಸ್ಟ್ ಟ್ಯೂಬು ಹಿಡಿದು ಮರಳಿನ ರಾಶಿಯ ಸುತ್ತ ಹೆಜ್ಜೆ ಮೇಲೆ ಹೆಜ್ಜೆ ಇಡುವುದು. ಸಾವ್ಕಾರ ಗುಂಡಿ ತೋಡಿ ಕೂತ ಕೂಡಲೇ ಹಿಂದಿನಿಂದ ಸೌಟು ತೂರಿಸುವುದು. ಸಿಕ್ಕ ದಿನ ಸಿಕ್ಕಿತು, ಸಿಗದ ದಿನ ಒದ್ದೆ ಮರಳನ್ನೇ ಟ್ಯೂಬಿಗೆ ತುಂಬಿಕೊಂಡು ಹೋಗಿ ಸೋಸುವುದು. ಓದಿದ್ದು ಎಂಎಸ್ಸಿ.

ಒಂದು ವಾರ ಇದನ್ನು ನೋಡಿದ ಮೇಸ್ತ್ರಿ ಎಂಟನೇ ದಿನ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹತ್ತಿರ ಬಂದ. "ಮೇಡಮ್ಮೋರೆ, ಹೆಂಗೈತ್ರಿ?"

ಬೆಕ್ಕಿನ ಆರೋಗ್ಯ ವಿಚಾರಿಸುತ್ತಿದ್ದಾನೆ ಅಂದುಕೊಂಡೆ. ಆ ದಿನದ ಬಣ್ಣ ಕಿತ್ತಳೆ. "ಚೆನ್ನಾಗಿಲ್ಲಪ್ಪ. ತುಂಬ ಕೆಟ್ಟಿದೆ. ಹೀಗೇ ಆದ್ರೆ ಜಾಸ್ತಿ ದಿನ ನಿಲ್ಲೋ ಹಾಗೆ ಕಾಣಲ್ಲ," ಎಂದೆ.

ಅವನ ಮುಖ ಕಪ್ಪಿಟ್ಟಿತು. ಸಂಜೆ ಆ ಮನೆಯ ಮಾಲೀಕರು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು ಕೈಮುಗಿದು ನಿಂತರು.

"ಮೇಡಮ್, ನೀವು ಯಾವ ಇಲಾಖೆ ಕಡೆಯಿಂದ ಟೆಸ್ಟ್ ಮಾಡ್ತಿದೀರಿ ಗೊತ್ತಿಲ್ಲ. ಆ ಮರಳಿನಾಗೆ ಮಣ್ಣು ಬೆರೆತಿರೋದು ನಿಜ. ನಾನು ನೋಡಿರಲಿಲ್ರಿ, ಮೇಸ್ತ್ರಿ ತರಿಸಿದ್ದು. ರಿಪೋರ್ಟ್ ಮಾತ್ರ ಬರೀಬ್ಯಾಡ್ರಿ."

ನಾನು ಬೆಕ್ಕಿನ ಕತೆ ಹೇಳಿದೆ. ಸಕ್ಕರೆ ಕಾಯಿಲೆ, ಸೌಟು, ಎಂಟು ಹನಿ, ಎಲ್ಲ. ಅವರು ಕೊನೆಯವರೆಗೆ ಕೇಳಿ, "ಆತ್ರಿ ಮೇಡಮ್, ನೀವು ಹೇಳಬಾರದು ಅಂತ ರೂಲ್ಸ್ ಇದ್ರೆ ಬ್ಯಾಡ," ಎಂದು ಹೊರಟುಹೋದರು. ಬೆಳಗಾಗುವುದರಲ್ಲಿ ಹಳೇ ರಾಶಿ ಮಾಯವಾಗಿ ಹರಿಹರದ ಹೊಳೆಯಿಂದ ಹೊಸ ಮರಳು ಬಂದು ಬಿದ್ದಿತ್ತು. ಮೇಸ್ತ್ರಿ, ಮಾಲೀಕರು ಇಬ್ಬರೂ ಪಕ್ಕದಲ್ಲಿ ನಿಂತಿದ್ದರು. ಸಾವ್ಕಾರ ರಾಶಿ ಹತ್ತಿ, ಮೂಸಿ, ಗುಂಡಿ ತೋಡಿ, ಕೂತ.

ಮಾಲೀಕರು ಮೇಸ್ತ್ರಿಗೆ ಹೇಳಿದರು: "ಪಾಸಾತು. ತಳಪಾಯ ಹಾಕು."

ಹೆಡ್‌ಕ್ಲಾರ್ಕರ ಬೇಡಿಕೆ

ನಮ್ಮ ಓಣಿಯ ತುದಿಯಲ್ಲಿ ರಿಟೈರಾದ ಹೆಡ್‌ಕ್ಲಾರ್ಕ್ ಒಬ್ಬರಿದ್ದಾರೆ. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಕ್ಕಿನ ಸುದ್ದಿ ತಿಳಿದ ದಿನದಿಂದ ಅವರು ಬೆಳಗಿನ ವಾಕಿಂಗಿನಲ್ಲಿ ನಮ್ಮ ಗೇಟಿನ ಹತ್ತಿರ ನಿಲ್ಲತೊಡಗಿದರು.

"ಇವತ್ತು ಬೆಕ್ಕಿಂದು ಯಾವ ಬಣ್ಣ?"

"ಕಿತ್ತಳೆ."

"ನಂದೂ ಕಿತ್ತಳೆ." ತೃಪ್ತಿಯಿಂದ ಮುಂದೆ ನಡೆಯುವರು.

ಶ್ರಾವಣ ಮುಗಿಯುವ ಹೊತ್ತಿಗೆ ಸಾವ್ಕಾರ ಹಳದಿಗೆ ಬಂದ. ಹೆಡ್‌ಕ್ಲಾರ್ಕರು ಕಿತ್ತಳೆಯಲ್ಲೇ ಇದ್ದರು. "ನಾನು ಹಾಗಲಕಾಯಿ ರಸ ಕುಡೀತೀನಿ, ಮೆಂತ್ಯ ತಿಂತೀನಿ, ನಾಲ್ಕು ಮೈಲಿ ನಡೀತೀನಿ," ಎಂದು ಲೆಕ್ಕ ಒಪ್ಪಿಸಿದರು. "ಅದು ಏನು ಮಾಡ್ತೈತೆ?"

"ಕುರ್ಚಿ ಮೇಲೆ ಮಲಗುತ್ತೆ."

ಸಾವ್ಕಾರ ಹಸಿರಿಗೆ ಬಂದ ದಿನ ಅವರು ಗೇಟಿನಿಂದ ಒಳಗೇ ಬಂದರು. ಕೂತು, ಸುತ್ತ ನೋಡಿ, ದನಿ ತಗ್ಗಿಸಿದರು. ಅವರ ಮನೆಯಾಕೆ ನಮ್ಮ ಅತ್ತೆಯ ಜೊತೆ ದಿನಾ ಸಂಜೆ ಕೂರುವವರು. ಬೆಕ್ಕಿನ ಬಣ್ಣ ಪ್ರತಿದಿನ ಅಲ್ಲಿಂದ ಅವರ ಮನೆಗೆ ಹೋಗುತ್ತಿತ್ತು.

"ಊಟಕ್ಕೆ ಕೂತ್ರೆ ಸಾಕು, 'ಅನ್ನಕ್ಕೆ ಕೈ ಹಾಕಬ್ಯಾಡ್ರಿ, ಬಾಯಿಲ್ದ ಪ್ರಾಣಿ ಹಸಿರಿಗೆ ಬಂದೈತೆ, ಪಿಂಚಣಿ ತಗೊಳೋ ಗಂಡಸು ನೀವು' ಅಂತಾಳೆ. ನಿನ್ನೆ ಮೊಮ್ಮಕ್ಕಳ ಮುಂದೆ ಅಂದ್ಲು. ನೀವು ನಂಗೊಂದು ಉಪಕಾರ ಮಾಡಬೇಕು ಮೇಡಮ್."

"ಔಷಧಿ ಬೇಕೇನ್ರಿ?"

"ಬ್ಯಾಡ. ಒಂದು ವಾರದ ಮಟ್ಟಿಗೆ ನಿಮ್ಮ ಬೆಕ್ಕಿಗೆ ಇಟ್ಟಿಗೆ ಬಣ್ಣ ಬಂತು ಅಂತ ಹೇಳ್ರಿ. ಹಬ್ಬದಾಗೆ ಎರಡು ಹೋಳಿಗೆ ತಿಂದ್ಕೊತೀನಿ."

ಇಲ್ಲದ್ದು ಎಲ್ಲಿಂದ ಬಂತು

ತಿಂಗಳಿಗೊಮ್ಮೆ ಹರಿಹರಕ್ಕೆ ಹೋಗಿ ತೂಕ ಮಾಡಿಸಬೇಕಿತ್ತು. ಮೂರನೇ ಸಲ ಹೋದಾಗ ಡಾಕ್ಟರು ಸಾವ್ಕಾರನನ್ನು ತಕ್ಕಡಿಯಲ್ಲಿ ಕೂರಿಸಿ ಮುಳ್ಳು ನೋಡಿದರು. ಇಳಿಸಿದರು. ತಕ್ಕಡಿ ತಟ್ಟಿ ನೋಡಿ ಮತ್ತೆ ಕೂರಿಸಿದರು.

"ಒಂದೂವರೆ ಕೆಜಿ ಜಾಸ್ತಿಯಾಗಿದೆ. ಏನು ತಿನ್ನಿಸ್ತಿದ್ದೀರಿ?"

"ನೀವು ಹೇಳಿದ್ದೇ ಸರ್. ಬೆಳಿಗ್ಗೆ ಒಂದು ಹಿಡಿ ಖೀಮಾ. ಆಮೇಲೆ ಕಾಳು ಇಡ್ತೀವಿ, ಅದು ಮೂಸಿಯೂ ನೋಡಲ್ಲ."

"ಒಂದು ಹಿಡಿ?"

ನಾನು ನನ್ನ ಮುಷ್ಟಿ ತೋರಿಸಿದೆ. ಅವರು ಮುಷ್ಟಿ ನೋಡಿದರು, ಬೆಕ್ಕು ನೋಡಿದರು. ಸಾವ್ಕಾರ ಮೇಜಿನ ಮೇಲೆ ಹೊಟ್ಟೆ ಹರವಿಕೊಂಡು ಕೂತಿದ್ದ.

"ಅಮ್ಮಾ, ನಾನು ಇಪ್ಪತ್ತೆಂಟು ವರ್ಷ ಮಿಲಿಟರಿ ಕುದುರೆಗಳನ್ನ ನೋಡಿದೀನಿ. ಹುರುಳಿ ಕದ್ದ ಸಿಪಾಯಿ ಮುಖ, ಕದ್ದು ತಿಂದ ಕುದುರೆ ಮುಖ ಎರಡೂ ಗುರ್ತು ಹಿಡೀತೀನಿ. ನಿಜ ಹೇಳಿ."

"ದೇವರಾಣೆ ಸರ್, ಒಂದೇ ಹಿಡಿ."

"ನೀವು ಕಾಲೇಜಿನಲ್ಲಿ ಏನು ಪಾಠ ಮಾಡ್ತೀರಿ?"

"ಕೆಮಿಸ್ಟ್ರಿ."

"ವಸ್ತು ತಾನಾಗೇ ಹುಟ್ಟಲ್ಲ ಅನ್ನೋದನ್ನ ನೀವೇ ಹೇಳಿಕೊಡೋದಲ್ವಾ?"

ನನ್ನ ಹುಡುಗಿಯರಿಗೆ ಪ್ರತಿ ಜೂನ್ ತಿಂಗಳು ಹೇಳಿಕೊಡುವ ನಿಯಮ ಅದು. ಒಂದು ಬೆಕ್ಕು ಅದನ್ನು ಮುರಿದಿತ್ತು. ಮನೆಗೆ ಬಂದು ನೋಟ್ ಬುಕ್ಕಿನಲ್ಲಿ ಲೆಕ್ಕ ಹಾಕಿ ಹಾಕಿ ಸೋತೆ. ಅತ್ತೆ ಕೇಳಿದರು: "ಡಾಕ್ಟರು ಏನಂದ್ರು?" "ತೂಕ ಯಾಕೆ ಏರ್ತಿದೆ ಅಂತ ತಿಳೀತಿಲ್ಲವಂತೆ." ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ದೃಷ್ಟಿ ತೆಗೆದಿದ್ದು ಈಗ ಹತ್ತಿರಬೇಕು," ಎಂದರು. ನಮ್ಮೆಜಮಾನರು ಪೇಪರ್ ಮೇಲೆತ್ತಿ ಹಿಡಿದು, "ಹವಾ ಬದಲಾಗೈತಲ್ಲ," ಎಂದರು.

ಆಪಾ ಬಾಯಿ ಬಿಟ್ಟದ್ದು

ದೀಪಾವಳಿ ಬಂತು, ಹೋಯಿತು, ಸಾವ್ಕಾರ ಎರಡನ್ನೂ ನೋಡಿದ. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಟ್ಯೂಬಿನ ನೀಲಿ ನೀಲಿಯಾಗಿಯೇ ಉಳಿಯಿತು. ಹದಿನೈದು ದಿನ ಹಾಗೇ ಉಳಿಯಿತು. ಹರಿಹರದ ಡಾಕ್ಟರು ಸೂಜಿ ನಿಲ್ಲಿಸಿದರು. "ಅಪರೂಪ. ಬೆಕ್ಕಿನಲ್ಲಿ ಹೀಗೆ ಆಗೋದುಂಟು. ಆದ್ರೆ ಊಟ ಬದಲಾಯಿಸಿದಿರೋ, ಮತ್ತೆ ಇಟ್ಟಿಗೆ ಕೆಂಪೇ. ಎರಡನೇ ಸಲ ನನ್ನ ಕೈಲೂ ಆಗಲ್ಲ," ಎಂದು ಎಚ್ಚರಿಸಿ ಕಳಿಸಿದರು.

ಮುಂದಿನ ಭಾನುವಾರ ಸಂಜೆ ನಾವು ಮೂವರೂ ನಡುಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಸಾವ್ಕಾರ ತನ್ನ ಕುರ್ಚಿಯಲ್ಲಿದ್ದ. ಆಪಾ ಕೈಯಲ್ಲೊಂದು ಚೀಲ ಹಿಡಿದು ಮುಂಬಾಗಿಲಿನಿಂದಲೇ ಬಂದರು.

"ನಾಳೆ ಹರಿಹರಕ್ಕೆ ಹೊಂಟೀನ್ರಿ. ಮಗಳ ಬಾಣಂತನ. ನಲವತ್ತು ದಿನ ಬರಾಂಗಿಲ್ಲ."

ನಲವತ್ತು ದಿನ! ಖೀಮಾ ಯಾರು ಬೇಯಿಸುವುದು? ಅತ್ತೆಗೆ ಕಾಣದ ಹಾಗೆ ಆಪಾ ಅವರಿಗೆ ಕಣ್ಸನ್ನೆ ಮಾಡಿದೆ: ಹೊರಗೆ ಹೋಗೋಣ. ಅದೇ ಹೊತ್ತಿಗೆ ನಮ್ಮೆಜಮಾನರಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಎದ್ದು, "ಆಪಾ, ಗೇಟಿನ ಹತ್ರ ಬರ್ರಿ, ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳೋದೈತೆ," ಎಂದರು. ಅದೇ ಹೊತ್ತಿಗೆ ಅತ್ತೆಯೂ ಎದ್ದು, "ಆಪಾ, ಹಿತ್ತಲಿಗೆ ಬಾರವ್ವ, ಕರಿಬೇವು ಕೊಡ್ತೀನಿ," ಎಂದರು.

ಆಪಾ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ನಡುಮನೆಯ ಮಧ್ಯೆ ಕೂತೇಬಿಟ್ಟರು.

"ಗೇಟಿಗೂ ಬರಲ್ಲ, ಹಿತ್ತಲಿಗೂ ಬರಲ್ಲ. ನಾಲ್ಕು ತಿಂಗಳಿಂದ ನನ್ನ ಹೊಟ್ಟೆ ಉಬ್ಬಿ ಹೋಗೈತೆ. ಬೆಳಿಗ್ಗೆ ಟೀಚರಮ್ಮ ಬೆಕ್ಕು ತರ್ತಾರೆ, 'ಅತ್ತೆಗೆ ಹೇಳಬ್ಯಾಡ್ರಿ, ತಡ್ಕೊಳಲ್ಲ' ಅಂತಾರೆ. ಮಧ್ಯಾಹ್ನ ಅವ್ವ ಅದೇ ಬೆಕ್ಕು ತರ್ತಾರೆ, 'ಸೊಸೆಗೆ ಹೇಳಬ್ಯಾಡ, ಓದಿದಾಕಿ, ಆಡ್ಕೊಂಡು ನಗ್ತಾಳೆ' ಅಂತಾರೆ. ಸಂಜೆ ರೈಲಿಳಿದು ಸಾಹೇಬ್ರು ತರ್ತಾರೆ, 'ಇಬ್ಬರಿಗೂ ಹೇಳಬ್ಯಾಡ್ರಿ, ನನ್ನ ಮನೆ ಬಿಡಿಸ್ತಾರೆ' ಅಂತಾರೆ. ಮೂರು ಜನಕ್ಕೂ ಆಣೆ ಮಾಡೀನಿ. ಮೂರು ಆಣೆ ಇಟ್ಕೊಂಡು ಬಾಣಂತನಕ್ಕೆ ಹೆಂಗ್ರಿ ಹೋಗಲಿ? ಇರೋದು ಮೂರೇ ಜನ, ಒಂದು ಸೂರಿನಾಗೆ. ಒಬ್ರಿಗೊಬ್ರು ಮಾತೇ ಆಡಂಗಿಲ್ಲೇನ್ರಿ?"

ಒಂದೂವರೆ ಕೆಜಿ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯಿತು. ವಿಜ್ಞಾನಕ್ಕೆ ಏನೂ ಆಗಿರಲಿಲ್ಲ.

"ನಿಮಗೆ ಹೇಳಿದ್ದು ಯಾರು?" ಎಂದು ಗಂಡನನ್ನು ಕೇಳಿದೆ.

"ಔಷಧಿ ತರಾಕ ಹೋದಾಗ ಡಾಕ್ಟರೇ ಅಂದ್ರು. ನೀನು ಕಾಳು ಅಂತ ಹೇಳಿದ್ಯಲ್ಲ, ನಿನಗೆ ಧೈರ್ಯ ಸಾಲಲಿಲ್ಲ ಅನ್ಕೊಂಡೆ."

"ಅತ್ತೆ, ನಿಮಗೆ?"

"ಬೆಕ್ಕು ಏನು ತಿಂತೈತೆ ಅಂತ ಹೇಳಾಕ ಡಾಕ್ಟರು ಬೇಕೇನು? ನಾನು ಬೆಕ್ಕು ನೋಡಿಲ್ಲೇನು?" ಅತ್ತೆ ಚಹಾದ ಲೋಟ ಕೆಳಗಿಟ್ಟರು. "ಆಗಿದ್ದಾತು. ನಾಳೆಯಿಂದ ಹಿತ್ತಲ ಹಂಡೆ ಒಲೆ ಮ್ಯಾಲೆ ಬೇಯಿಸಾನ. ನೀನು ಸಂತಿಗೆ ಹೋಗಿ ತಾ," ಎಂದು ಮಗನಿಗೆ. "ನೀನು ಬೇಯಿಸು," ಎಂದು ನನಗೆ. "ನಾನು ತಿನ್ನಿಸ್ತೀನಿ. ಹೋದ ಸಲದಂಗೆ ಯಮನು ಆ ಕುರ್ಚಿ ಖಾಲಿ ಮಾಡಾಕ ಬಂದ್ರೆ, ಈ ಸಲ ನಾನು ಸುಮ್ನೆ ಕೂರಾಂಗಿಲ್ಲ."

ಆಪಾ ಕಣ್ಣೊರೆಸಿಕೊಂಡರು. ಆಮೇಲೆ, "ಹಂಗಾದ್ರೆ ನಿಮ್ಮ ನಿಮ್ಮ ಬಟ್ಟಲು ತಗೊಳ್ರಿ," ಎಂದು ಚೀಲ ಬಿಚ್ಚಿದರು. ಅಂಚು ಕಿತ್ತುಹೋದ ಬಿಳಿ ಪಿಂಗಾಣಿ ಬಟ್ಟಲು ನನ್ನದು. ಕಾರ್ಖಾನೆಯ ಕ್ಯಾಂಟೀನಿನ ಅಲ್ಯುಮಿನಿಯಂ ತಟ್ಟೆ ನಮ್ಮೆಜಮಾನರದು. ಮೂರನೆಯದು ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ಬಿಚ್ಚಿದರೆ ಫಳಫಳ ಹೊಳೆಯುವ ಬೆಳ್ಳಿ ಬಟ್ಟಲು, ಅಂಚಿನಲ್ಲಿ ಹೆಸರು ಕೆತ್ತಿಸಿದ್ದು.

ನಮ್ಮೆಜಮಾನರು ಎರಡು ಹೆಜ್ಜೆ ಮುಂದೆ ಬಂದರು. "ಅವ್ವಾ! ಇದು ನನ್ನ ನಾಮಕರಣಕ್ಕೆ ಸೋದರಮಾವ ತಂದಿದ್ದು! ನನ್ನ ಹೆಸರೈತೆ! ಇದರಾಗೆ... ಖೀಮಾ?"

ಅತ್ತೆ ಆ ಬಟ್ಟಲನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ, ಕುರ್ಚಿಯ ಪಕ್ಕದಲ್ಲಿಟ್ಟರು.

"ಇದ್ರೆ ಇರ್ಲಿ. ಮೂರು ವರ್ಷ ಇದರಾಗೆ ಉಣಿಸೀನಿ, ನೀನು ಒಂದು ದಿನ ಆದ್ರೂ ಪೂರ್ತಿ ಉಂಡೀಯೇನು? ಅರ್ಧ ಉಗುಳಿ, ಅರ್ಧ ಚೆಲ್ಲಿ, ಓಣಿ ತುಂಬ ನನ್ನ ಓಡಾಡಿಸ್ತಿದ್ದೆ. ಅವನನ್ನ ನೋಡು, ನಿನ್ನ ಹೆಸರು ಸವೆಯೋ ಹಂಗೆ ನೆಕ್ಕಿ ಇಡ್ತಾನೆ."